ಟರ್ಬೊ ಹಾಕಿಸಿದ ಮೇಲೆ ಡಿಪ್‌ಸ್ಟಿಕ್ ಮೇಲೆದ್ದು ಬರುತ್ತಿದೆ, ಎಲ್ಲಿಂದ ಹುಡುಕಬೇಕು?

ಟರ್ಬೊ ಇಲ್ಲದೆ ಬಂದ ಎಂಜಿನ್‌ಗೆ ನೀವು ಟರ್ಬೊ ಹಾಕಿಸಿದ್ದೀರಿ. ಬೂಸ್ಟ್ (ಎಂಜಿನ್‌ಗೆ ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿದಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೆದ್ದು ಬರುತ್ತದೆ, ವಾಲ್ವ್ ಕವರ್ ಅಂಚಿನಲ್ಲಿ ಆಯಿಲ್ ಜಿನುಗುತ್ತದೆ. ಪಿಸಿವಿ ಹೋಸ್ (ಎಂಜಿನ್ ಒಳಗಿನ ಗ್ಯಾಸನ್ನು ಇಂಟೇಕ್‌ಗೆ ಒಯ್ಯುವ ಕೊಳವೆ) ನಡುವೆ ಕ್ಯಾಚ್ ಕ್ಯಾನ್ (ಆ ಗ್ಯಾಸಿನಲ್ಲಿರುವ ಆಯಿಲ್ ಹಿಡಿಯುವ ಡಬ್ಬಿ) ಹಾಕಿದರೂ ಕಡಿಮೆಯಾಗಿಲ್ಲ. ಈಗ ಡಿಪ್‌ಸ್ಟಿಕ್ಕನ್ನು ಸ್ಪ್ರಿಂಗ್ ಹಾಕಿ ಹಿಡಿದಿಡಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಗೆ ಮಾಡಬೇಡಿ. ಆ ದಾರಿ ಮುಚ್ಚಿದರೆ ಒತ್ತಡ ಇನ್ನೊಂದು ದಾರಿ ಹುಡುಕುತ್ತದೆ. ಎಷ್ಟೋ ಸಲ ಅದು ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಆಗಿರುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಕಾರಣ ಸಿಗುವವರೆಗೆ ಬೂಸ್ಟ್ ಕೊಟ್ಟು ಓಡಿಸದಿರುವುದು ಒಳ್ಳೆಯದು.

ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ, ಕ್ರ್ಯಾಂಕ್ ತಿರುಗುವ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಎಲ್ಲ ಎಂಜಿನ್‌ನಲ್ಲೂ ಇದೆ. ಇದನ್ನೇ ಬ್ಲೋ-ಬೈ ಅನ್ನುತ್ತಾರೆ. ಐಡಲ್‌ನಲ್ಲಿ, ನಿಧಾನ ಓಟದಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ಆ ಗ್ಯಾಸನ್ನು ಪಿಸಿವಿ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ವಾಲ್ವ್ ಕವರ್‌ನ ಇನ್ನೊಂದು ಕೊಳವೆಯಾದ ಬ್ರೀದರ್ ಹೋಸ್‌ನಿಂದ ಹೊಸ ಗಾಳಿ ಒಳಗೆ ಬರುತ್ತದೆ. ಬೂಸ್ಟ್ ಬಂದ ಕೂಡಲೇ ಲೆಕ್ಕ ತಿರುಗಿಬೀಳುತ್ತದೆ. ಮ್ಯಾನಿಫೋಲ್ಡ್‌ನಲ್ಲಿ ಎಳೆಯುವ ಶಕ್ತಿ ಇಲ್ಲ, ಅಲ್ಲಿರುವುದು ಒತ್ತಡ. ಪಿಸಿವಿ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಬೇಕು, ಎಲ್ಲ ಬ್ಲೋ-ಬೈ ಬ್ರೀದರ್ ಕಡೆಯಿಂದಲೇ ಹೊರಗೆ ಹೋಗಬೇಕು. ನಿಮ್ಮ ಕ್ಯಾನ್ ಯಾಕೆ ಪ್ರಯೋಜನಕ್ಕೆ ಬರಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಅದು ಇರುವ ದಾರಿಯಲ್ಲಿ ಬೂಸ್ಟ್ ಹೊತ್ತಿನಲ್ಲಿ ಗ್ಯಾಸ್ ಹೊರಗೆ ಹೋಗುವುದೇ ಇಲ್ಲ.

ನನ್ನ ಮೊದಲ ಅನುಮಾನ ಪಿಸಿವಿ ವಾಲ್ವ್ ಮೇಲೆ. ಹಳೆಯ ವಾಲ್ವನ್ನೇ ಉಳಿಸಿಕೊಂಡಿದ್ದರೆ ಅದು ಬೂಸ್ಟ್ ತಡೆಯಲು ಮಾಡಿದ್ದಲ್ಲ. ಸ್ವಲ್ಪ ಕೊಳೆ ಕೂತರೂ ಸಾಕು, ಟರ್ಬೊ ತಳ್ಳಿದ ಗಾಳಿ ನೇರವಾಗಿ ಕ್ರ್ಯಾಂಕ್‌ಕೇಸ್ ಒಳಗೆ ನುಗ್ಗುತ್ತದೆ. ವಾಲ್ವ್ ಬಿಚ್ಚಿ, ಮ್ಯಾನಿಫೋಲ್ಡ್ ಕಡೆಯ ತುದಿಯಿಂದ ಗಾಳಿ ಕೊಟ್ಟು ನೋಡಿ. ಬಾಯಿಯಿಂದ ಊದಿದರೆ ಸಾಲದು, ನೀವು ಓಡಿಸುವ ಬೂಸ್ಟ್‌ನಷ್ಟೇ ಒತ್ತಡ ಬರುವ ಕೈಪಂಪ್ ಬಳಸಿ. ಗಾಳಿ ದಾಟಿದರೆ ಕಳ್ಳ ಸಿಕ್ಕ. ಬೂಸ್ಟ್ ತಾಳುವ ಚೆಕ್ ವಾಲ್ವ್ ಒಂದನ್ನು ಅದೇ ಹೋಸ್‌ನಲ್ಲಿ, ಬಾಣದ ಗುರುತು ಮ್ಯಾನಿಫೋಲ್ಡ್ ಕಡೆಗೆ ಇರುವಂತೆ ಹಾಕಿ.

ಖಚಿತಪಡಿಸಿಕೊಳ್ಳಲು ಇನ್ನೊಂದು ದಾರಿ ಇದೆ. ಮ್ಯಾನಿಫೋಲ್ಡ್‌ನ ಆ ನಿಪ್ಪಲ್ಲನ್ನು ಕ್ಲಾಂಪ್ ಹಾಕಿ ಗಟ್ಟಿಯಾಗಿ ಮುಚ್ಚಿ, ವಾಲ್ವ್ ಕಡೆಯ ಹೋಸನ್ನು ಕ್ಯಾನ್‌ಗೆ ಬಿಡಿ. ಒಮ್ಮೆ ಸ್ವಲ್ಪ ಹೊತ್ತು ಬೂಸ್ಟ್ ಕೊಟ್ಟು ನೋಡಿ. ಡಿಪ್‌ಸ್ಟಿಕ್ ಅಲ್ಲಾಡದಿದ್ದರೆ ತಪ್ಪು ಹೆಚ್ಚಾಗಿ ವಾಲ್ವ್‌ನದೇ. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟುಬಿಡಬೇಡಿ. ಎಳೆಯುವ ವ್ಯಾಕ್ಯೂಮ್ ಇಲ್ಲದಿದ್ದರೆ ತೇವ, ಪೆಟ್ರೋಲ್ ಆವಿ ಒಳಗೇ ಉಳಿದು ಆಯಿಲ್ ಬೇಗ ಹಾಳಾಗುತ್ತದೆ.

ವಾಲ್ವ್ ಸರಿಯಿದ್ದರೆ ಬ್ರೀದರ್ ನೋಡಿ. ಇಲ್ಲಿ ಹೋಸ್ ಗಾತ್ರಕ್ಕಿಂತ ಅತಿ ಕಿರಿದಾದ ಜಾಗ ಮುಖ್ಯ. ದಪ್ಪ ಹೋಸ್ ಹಾಕಿ, ವಾಲ್ವ್ ಕವರ್ ಮೇಲಿನ ಸಣ್ಣ ನಿಪ್ಪಲ್ ಹಾಗೇ ಬಿಟ್ಟಿರುತ್ತಾರೆ. 10 ಮಿ.ಮೀ. ರಂಧ್ರಕ್ಕಿಂತ 19 ಮಿ.ಮೀ. ರಂಧ್ರದ ಬಾಯಿ ಮೂರೂವರೆ ಪಟ್ಟು ದೊಡ್ಡದು. ಹಾಗಾಗಿ ಒಂದೇ ಒಂದು ಸಣ್ಣ ಫಿಟ್ಟಿಂಗ್ ಇಡೀ ದಾರಿಯನ್ನು ಹಾಳುಮಾಡುತ್ತದೆ. ಕವರ್ ಒಳಗಿನ ಬ್ಯಾಫಲ್‌ನಲ್ಲಿ (ಆಯಿಲ್ ತಡೆಯುವ ತಗಡು) ಕರಿ ಕಟ್ಟಿದೆಯಾ, ಕ್ಯಾನ್ ಒಳಗಿನ ಜಾಲರಿ ಕಟ್ಟಿಕೊಂಡಿದೆಯಾ, ಬಿಸಿಗೆ ಮೆತ್ತಗಾಗಿ ಹೋಸ್ ಮಡಚಿಕೊಂಡಿದೆಯಾ ನೋಡಿ. ನನ್ನ ಮಟ್ಟಿಗೆ ಕ್ಯಾಚ್ ಕ್ಯಾನ್ ಇರಬೇಕಾದ ಮೊದಲ ಜಾಗ ಈ ಬ್ರೀದರ್ ದಾರಿ. ಕ್ಯಾನ್‌ನಿಂದ ಹೊರಡುವ ಹೋಸನ್ನು ಏರ್ ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪಿಗೆ ಸೇರಿಸಿದರೆ ಟರ್ಬೊ ತಾನೇ ಸ್ವಲ್ಪ ಎಳೆದುಕೊಳ್ಳುತ್ತದೆ. ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಸೆನ್ಸರ್ ಆದ ಮೇಲೆಯೇ ಸೇರಿಸಿ. ಪಿಸಿವಿ ಹೋಸ್ ಮ್ಯಾನಿಫೋಲ್ಡ್‌ಗೆ ಇದ್ದೇ ಬ್ರೀದರನ್ನು ಬಯಲಿಗೆ ಬಿಟ್ಟರೆ ಅಳತೆಗೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಏರಿಳಿಯುತ್ತದೆ.

ಅಂದಾಜಿಗಿಂತ ಅಳತೆ ವಾಸಿ. ಪಾರದರ್ಶಕ ಟ್ಯೂಬನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದಂತೆ ಸೇರಿಸಿ. ಎರಡು ಬದಿಯ ನೀರಿನ ಮಟ್ಟದಲ್ಲಿ 10 ಸೆಂ.ಮೀ. ವ್ಯತ್ಯಾಸ ಅಂದರೆ ಸುಮಾರು 1 ಕಿಲೋಪಾಸ್ಕಲ್. ಐಡಲ್‌ನಲ್ಲಿ ನೀರು ಎಂಜಿನ್ ಕಡೆಗೆ ಸ್ವಲ್ಪ ಏರಬೇಕು. ಟ್ಯೂಬ್ ಉದ್ದವಾಗಿರಲಿ, ಎಂಜಿನ್ ನೀರನ್ನು ಎಳೆದುಕೊಳ್ಳಬಾರದು. ಓಡುವ ಕಾರಿನಲ್ಲಿ ನೀರು ಕುಲುಕುತ್ತದೆ, ಅಲ್ಲಿಗೆ ಕಡಿಮೆ ಒತ್ತಡ ಅಳೆಯುವ ಸೆನ್ಸರ್ ಬೇಕು. ಬೂಸ್ಟ್‌ನಲ್ಲಿ 1 ಕಿಲೋಪಾಸ್ಕಲ್‌ಗಿಂತ ಜಾಸ್ತಿ ಒತ್ತಡ ಕಂಡರೆ ನಾನಂತೂ ಸುಮ್ನೆ ಬಿಡುವುದಿಲ್ಲ.

ದಾರಿ ದೊಡ್ಡದಾದ ಮೇಲೂ ಒತ್ತಡ ಇದ್ದರೆ ಲೀಕ್-ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ, ಎಂಜಿನ್ ಬಿಸಿಯಿದ್ದಾಗಲೇ. ಆಯಿಲ್ ಕ್ಯಾಪ್ ತೆಗೆದು ಕಿವಿಗೊಡಿ, ಅಲ್ಲಿ ಜೋರಾಗಿ ಬುಸ್ ಅಂದರೆ ರಿಂಗ್ ಸೋರುತ್ತಿದೆ. ಮೂರು ಸಿಲಿಂಡರ್ ಚೆನ್ನಾಗಿದ್ದು ಒಂದು ಮಾತ್ರ ತುಂಬಾ ಸೋರಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚೇ ಒಡೆದಿರಬಹುದು. ಕಂಪನಿಯ ಪಿಸ್ಟನ್ ಮೇಲೆ ಬೂಸ್ಟ್ ಕೊಟ್ಟು ನಾಕ್ (ಸಿಲಿಂಡರ್‌ನಲ್ಲಿ ಇಂಧನ ತಾನಾಗಿ ಸಿಡಿಯುವುದು) ಆದಾಗ ಮೊದಲು ಹೋಗುವ ಜಾಗಗಳಲ್ಲಿ ಅದೂ ಒಂದು. ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ) ಪಿಸ್ಟನ್ ಹಾಕಿಸಿದ್ದರೆ ಸಿಲಿಂಡರ್ ಗೋಡೆಗೂ ಪಿಸ್ಟನ್‌ಗೂ ನಡುವೆ, ರಿಂಗ್ ತುದಿಗಳ ನಡುವೆ ಜಾಸ್ತಿ ಜಾಗ ಬಿಟ್ಟಿರುತ್ತಾರೆ. ಸ್ವಲ್ಪ ಹೆಚ್ಚು ಬ್ಲೋ-ಬೈ ಅಲ್ಲಿ ಸಹಜ.

ರಿಂಗೂ ಚೆನ್ನಾಗಿದೆ, ವಾಲ್ವೂ ಮುಚ್ಚುತ್ತಿದೆ ಅಂದರೆ ಉಳಿದದ್ದು ಟರ್ಬೊ. ಸವೆದ ಟರ್ಬೊದ ಸೀಲ್ ದಾಟಿ ಬಂದ ಗ್ಯಾಸ್ ಆಯಿಲ್ ಡ್ರೈನ್ ಪೈಪಿನಲ್ಲೇ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಉಲ್ಟಾ ಕೂಡ ಆಗುತ್ತದೆ. ಟರ್ಬೊದ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಕ್ರ್ಯಾಂಕ್‌ಕೇಸ್ ಒತ್ತಡ ಅದನ್ನು ತಡೆದರೆ ಆಯಿಲ್ ಸೀಲ್ ದಾಟಿ ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯಾಗುತ್ತದೆ. ಅದನ್ನು ನೋಡಿ ಚೆನ್ನಾಗಿರುವ ಟರ್ಬೊ ಬದಲಿಸಿದವರು ಇದ್ದಾರೆ, ನನಗೆ ತುಂಬಾ ಬೇಜಾರಾಗುತ್ತದೆ. ಡ್ರೈನ್ ಪೈಪ್ ಎಲ್ಲೂ ತಗ್ಗಿ ಮೇಲೇಳದೆ ಇಳಿಜಾರಾಗಿ ಬಂದು, ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಆಯಿಲ್ ಮಟ್ಟವೂ ಮೇಲಿನ ಗೆರೆ ದಾಟಿರಬಾರದು.

ಎಷ್ಟು ಬೂಸ್ಟ್‌ಗೆ ಡಿಪ್‌ಸ್ಟಿಕ್ ಏಳುತ್ತದೆ, ಬ್ರೀದರ್ ನಿಪ್ಪಲ್‌ನ ಒಳ ಅಳತೆ ಎಷ್ಟು, ನಾಲ್ಕೂ ಸಿಲಿಂಡರ್‌ನ ಲೀಕ್-ಡೌನ್ ಎಷ್ಟು ಬಂತು ಅಂತ ಬರೆಯಿರಿ. ಅದನ್ನು ನೋಡಿದರೆ ಇನ್ನೂ ಖಚಿತವಾಗಿ ಹೇಳುತ್ತೇನೆ.