ಕೋಡಿಂಗ್ ಬರದೆ ನೋ-ಕೋಡ್‌ನಲ್ಲಿ ಬುಕಿಂಗ್ ಆ್ಯಪ್ ಮಾಡಬಹುದಾ?

ಕೋಡಿಂಗ್ ಬರಲ್ಲ, ನಮ್ಮ ಗುಂಪಿಗೊಂದು ಬುಕಿಂಗ್ ಆ್ಯಪ್ ಬೇಕು, ನೋ-ಕೋಡ್ (ಕೋಡ್ ಬರೆಯದೆ, ಪರದೆ ಮೇಲೆ ಜೋಡಿಸುತ್ತಲೇ ಆ್ಯಪ್ ಮಾಡುವ ಸಲಕರಣೆ) ನೆಚ್ಚಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನೆಚ್ಚಿಕೊಳ್ಳಬಹುದು. ನಾನೂ ಇಂಥದ್ದೇ ಒಂದನ್ನು ಮಾಡಿ ಒಂದೂವರೆ ವರ್ಷದಿಂದ ನಡೆಸುತ್ತಿದ್ದೇನೆ. ಎಲ್ಲಿ ಎಡವಿದೆ ಅನ್ನುವುದನ್ನೂ ಹೇಳುತ್ತೇನೆ.

ನಮ್ಮದು ಫೋಟೋ ತೆಗೆಯುವವರ ಗುಂಪು. ಕ್ಯಾಮೆರಾ, ಲೆನ್ಸ್, ಟ್ರೈಪಾಡ್ ಎಲ್ಲರಿಗೂ ಸೇರಿದ್ದು. ಯಾರು ಯಾವತ್ತು ಒಯ್ದರು, ಯಾವಾಗ ವಾಪಸ್ ತಂದರು, ಇಷ್ಟೇ ಲೆಕ್ಕ. ಶನಿವಾರ ಬೆಳಿಗ್ಗೆ ಕೂತೆ, ಭಾನುವಾರ ಸಂಜೆಗೆ ಆ್ಯಪ್ ಫೋನಿನಲ್ಲಿ ಓಡುತ್ತಿತ್ತು. ಲಾಗಿನ್, ಡೇಟಾಬೇಸ್ (ಮಾಹಿತಿ ಕೂಡಿಡುವ ಜಾಗ), ಹೋಸ್ಟಿಂಗ್ (ಆ್ಯಪನ್ನು ಇಂಟರ್ನೆಟ್‌ನಲ್ಲಿ ಇಟ್ಟು ನಡೆಸುವ ವ್ಯವಸ್ಥೆ) ಎಲ್ಲ ಮೊದಲೇ ಸಿದ್ಧ ಇದ್ದವು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಆ ವೇಗ ಅಲ್ಲ. ಗೆಳೆಯರೊಬ್ಬರು ಬಳಸಿ ನೋಡಿ, "ವಾಪಸ್ ತರುವಾಗ ಲೆನ್ಸ್‌ನದ್ದೊಂದು ಫೋಟೋ ಹಾಕುವ ಹಾಗಿದ್ದರೆ ಚೆನ್ನಾಗಿತ್ತು" ಅಂದರು. ಅವರ ಎದುರಿಗೇ ಹತ್ತು ನಿಮಿಷದಲ್ಲಿ ಹಾಕಿಕೊಟ್ಟೆ. ಪ್ರೋಗ್ರಾಮರ್‌ಗೆ ಬರೆದು ಕಳಿಸಿ, ಕಾದು, ಬಂದದ್ದು ಬೇರೆಯೇ ಆಗಿ, ಮತ್ತೆ ಬರೆಯುವ ತಾಪತ್ರಯವೇ ಇಲ್ಲ.

ಮೊದಲು ಎಡವಿದ್ದು ಟೇಬಲ್‌ನಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ ಮಾಹಿತಿಯನ್ನು ಸಾಲುಸಾಲಾಗಿ ಇಡುವ ಪಟ್ಟಿಯಲ್ಲಿ. ಒಯ್ದವರ ಹೆಸರನ್ನು ಸುಮ್ನೆ ಟೈಪ್ ಮಾಡುವ ಹಾಗೆ ಬಿಟ್ಟಿದ್ದೆ. ಒಬ್ಬರೇ ಮೂರು ಥರ ಹೆಸರು ಬರೆದರು, ಲೆಕ್ಕದಲ್ಲಿ ಮೂವರಾದರು! ಸದಸ್ಯರಿಗೊಂದು, ವಸ್ತುಗಳಿಗೊಂದು, ಬುಕಿಂಗ್‌ಗೊಂದು ಟೇಬಲ್ ಮಾಡಿ ಒಂದಕ್ಕೊಂದು ಜೋಡಿಸಬೇಕಿತ್ತು. ಅದನ್ನು ಯಾವ ನೋ-ಕೋಡ್ ಪ್ಲಾಟ್‌ಫಾರ್ಮೂ ನಿಮ್ಮ ಬದಲು ಯೋಚಿಸಿ ಕೊಡುವುದಿಲ್ಲ.

ಎರಡನೆಯದು ನಿಮಗೂ ಬರುತ್ತದೆ, ಯಾಕಂದ್ರೆ ನಿಮ್ಮದೂ ಬುಕಿಂಗ್ ತಾನೇ. ಒಂದು ರಾತ್ರಿ ಒಂದೇ ಲೆನ್ಸ್ ಇಬ್ಬರಿಗೆ ಬುಕ್ ಆಯಿತು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಗಳಿಗೆಯಲ್ಲಿ ಬಟನ್ ಒತ್ತಿದ್ದರು. ಲೆನ್ಸ್ ಖಾಲಿ ಇದೆಯಾ ಅಂತ ನೋಡುವುದು ಒಂದು ಹೆಜ್ಜೆ, ಬುಕ್ ಮಾಡುವುದು ಇನ್ನೊಂದು. ಆ ಎರಡರ ನಡುವೆ ಎರಡನೆಯವರು ನುಸುಳಿದ್ದರು. ಕೋಡ್ ಬರೆಯುವವರಾದರೆ ಒಂದು ವಸ್ತುವಿಗೆ ಒಂದು ದಿನಕ್ಕೆ ಒಂದೇ ಎಂಟ್ರಿ ಅಂತ ಡೇಟಾಬೇಸ್‌ನಲ್ಲೇ ಕಟ್ಟು ಹಾಕುತ್ತಾರೆ, ಮುಗಿಯಿತು. ನಾನು ಬಳಸಿದ ಕಡೆ ಆ ಸೌಲಭ್ಯವೇ ಇರಲಿಲ್ಲ. ಬುಕ್ ಆದ ಮೇಲೆ ಮತ್ತೊಮ್ಮೆ ಎಣಿಸಿ, ಎರಡಿದ್ದರೆ ತಡವಾಗಿ ಬಂದದ್ದನ್ನು ಅಳಿಸುವ ವರ್ಕ್‌ಫ್ಲೋ (ತಾನಾಗಿ ಒಂದರ ಹಿಂದೊಂದು ನಡೆಯುವ ಹೆಜ್ಜೆಗಳು) ಕಟ್ಟಿದೆ. ಆರು ಬಾಕ್ಸು, ಅವುಗಳ ನಡುವೆ ಬಾಣಗಳು. ಎರಡು ತಿಂಗಳು ಬಿಟ್ಟು ತೆರೆದರೆ ಅದು ನನಗೇ ಅರ್ಥವಾಗಲಿಲ್ಲ.

ಕೆಲವು ಮಿತಿಗಳು ಸದ್ದೇ ಮಾಡುವುದಿಲ್ಲ. ಮೈಕ್ರೋಸಾಫ್ಟ್‌ನವರ ಇಂಥದ್ದೇ ಸಲಕರಣೆ ಪವರ್ ಆ್ಯಪ್ಸ್‌ನಲ್ಲಿ ಕೆಲವು ಬಗೆಯ ಫಿಲ್ಟರ್‌ಗಳು ಮೊದಲ 500 ಸಾಲುಗಳಲ್ಲಿ ಮಾತ್ರ ಹುಡುಕುತ್ತವೆ. ಸೆಟ್ಟಿಂಗ್ ಬದಲಿಸಿದರೂ 2000 ದಾಟುವುದಿಲ್ಲ. ಮಾಡುವವರಿಗೆ ಎಚ್ಚರಿಕೆ ಕಾಣಿಸುತ್ತದೆ, ಬಳಸುವವರಿಗೆ ಏನೂ ಕಾಣಿಸುವುದಿಲ್ಲ. ಇರುವ ದಾಖಲೆ ಇಲ್ಲ ಅಂದುಕೊಂಡು ಹೋಗಿಬಿಡುತ್ತಾರೆ.

ಇನ್ನು ಸದಸ್ಯರ ಮಾಹಿತಿ ಗುಟ್ಟಾಗಿ ಇಡುವ ವಿಷಯ. ಪರದೆ ಮೇಲೆ ಫೋನ್ ನಂಬರ್ ತೋರಿಸಲಿಲ್ಲ ಅಂದಮಾತ್ರಕ್ಕೆ ಅದು ಹೊರಗೆ ಹೋಗುತ್ತಿಲ್ಲ ಅಂತಲ್ಲ. ಡೇಟಾ ಬ್ರೌಸರ್‌ವರೆಗೆ ಬಂದು ಅಲ್ಲಿ ಮರೆಯಾಗಿ ಕೂತಿರಬಹುದು. 2021ರಲ್ಲಿ ಪವರ್ ಆ್ಯಪ್ಸ್‌ನಲ್ಲಿ ಮಾಡಿದ ಪೋರ್ಟಲ್‌ಗಳಿಂದ (ವೆಬ್‌ಸೈಟ್‌ಗಳಿಂದ) ಸುಮಾರು 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ನೋಡುವ ಹಾಗೆ ತೆರೆದುಕೊಂಡಿದ್ದವು. ಯಾರೂ ಬೀಗ ಒಡೆದಿರಲಿಲ್ಲ. ಟೇಬಲ್ ಅನುಮತಿ (ಯಾವ ಟೇಬಲ್ ಯಾರು ನೋಡಬಹುದು ಅನ್ನುವ ಸೆಟ್ಟಿಂಗ್) ತಾನಾಗಿ ಆನ್ ಆಗುತ್ತಿರಲಿಲ್ಲ, ಆ್ಯಪ್ ಮಾಡಿದವರು ಆನ್ ಮಾಡಿರಲಿಲ್ಲ. ಹಾಗಾಗಿ ಆ್ಯಪ್ ಹೊರಗೆ ಬಿಡುವ ಮುಂಚೆ ಸಾಮಾನ್ಯ ಸದಸ್ಯರ ಲಾಗಿನ್‌ನಲ್ಲಿ ಒಳಗೆ ಹೋಗಿ, ಯಾವ ಟೇಬಲ್ ಯಾರಿಗೆ ಸಿಗುತ್ತದೆ ಅಂತ ಒಂದೊಂದಾಗಿ ನೋಡಿ. ಬೇಜಾರಿನ ಕೆಲಸ, ಆದರೂ ಮಾಡಿ.

ಪ್ಲಾಟ್‌ಫಾರ್ಮೇ ಮುಚ್ಚಿದರೆ? ಗೂಗಲ್‌ನ ಆ್ಯಪ್ ಮೇಕರ್ 2021ರಲ್ಲಿ ಮುಚ್ಚಿತು, ಅಮೆಜಾನ್‌ನ ಹನಿಕೋಡ್ 2024ರಲ್ಲಿ. ಅಂದರೆ ದೊಡ್ಡ ಹೆಸರು ನೋಡಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಅಲ್ವಾ? ಬಬಲ್ ಅನ್ನುವ ನೋ-ಕೋಡ್ ಪ್ಲಾಟ್‌ಫಾರ್ಮ್‌ನಲ್ಲಿ ಮಾಡಿದ ಆ್ಯಪ್‌ನ ಕೋಡ್ ನಿಮ್ಮ ಕೈಗೆ ಸಿಗುವುದಿಲ್ಲ, ಡೇಟಾ ಮಾತ್ರ ಸಿಗುತ್ತದೆ. ಫ್ಲಟರ್‌ಫ್ಲೋ ಅನ್ನುವ ಇನ್ನೊಂದರಲ್ಲಿ ದುಡ್ಡು ಕಟ್ಟುವ ಪ್ಲಾನ್ ತೆಗೆದುಕೊಂಡರೆ ಕೋಡನ್ನೇ ಇಳಿಸಿಕೊಳ್ಳಬಹುದು, ಆದರೆ ಅದನ್ನು ಓದಲು ಮತ್ತೆ ಪ್ರೋಗ್ರಾಮರೇ ಬೇಕು. ಬೆಲೆಯೂ ಅವರ ಕೈಯಲ್ಲೇ. 2023ರಲ್ಲಿ ಬಬಲ್ ಆ್ಯಪ್ ಎಷ್ಟು ಕೆಲಸ ಮಾಡುತ್ತದೋ ಅಷ್ಟಕ್ಕೆ ಲೆಕ್ಕ ಹಾಕುವ ಪದ್ಧತಿ ತಂದಾಗ ಬಳಕೆದಾರರು ಸಾಕಷ್ಟು ಗಲಾಟೆ ಮಾಡಿದ್ದರು. ನಾನಂತೂ ವಾರಕ್ಕೊಮ್ಮೆ ಎಲ್ಲ ಟೇಬಲ್‌ಗಳನ್ನೂ ಸಿಎಸ್‌ವಿ ಫೈಲ್ (ಎಕ್ಸೆಲ್‌ನಂಥದ್ದರಲ್ಲಿ ತೆರೆಯುವ ಸರಳ ಫೈಲ್) ಮಾಡಿ ಇಳಿಸಿಟ್ಟುಕೊಳ್ಳುತ್ತೇನೆ.

ನಿಮ್ಮ ವಿಷಯಕ್ಕೆ ಬಂದರೆ, ಐವತ್ತು, ನೂರು ಜನ ಬಳಸುವ ಬುಕಿಂಗ್ ಆದರೆ ಯೋಚನೆ ಬಿಟ್ಟು ಶುರು ಮಾಡಿ. ಮೊದಲ ದಿನ ಕಂಪ್ಯೂಟರ್ ಮುಟ್ಟಬೇಡಿ, ಟೇಬಲ್‌ಗಳನ್ನು ಹಾಳೆ ಮೇಲೆ ಬರೆದುಕೊಳ್ಳಿ. ಮಾಡಿದ ಮೇಲೆ ಎರಡು ಫೋನ್ ಹಿಡಿದು ಒಂದೇ ಸಲಕ್ಕೆ ಬಟನ್ ಒತ್ತಿ ನೋಡಿ. ಬುಕಿಂಗ್ ಜೊತೆ ದುಡ್ಡೂ ಕಟ್ಟಿಸಿಕೊಳ್ಳುತ್ತೀರಾ? ನೀವು ಬರೆದಿಲ್ಲ. ಹಾಗಿದ್ದರೆ ಅದೊಂದು ಭಾಗವನ್ನು ಕೋಡ್ ಗೊತ್ತಿರುವವರ ಹತ್ತಿರ ಒಮ್ಮೆ ನೋಡಿಸಿ. ಡಬಲ್ ಬುಕ್ ಆದ ಲೆನ್ಸಿಗೆ ನಾನು ಸಾರಿ ಕೇಳಿ ಪಾರಾದೆ, ಎರಡು ಸಲ ಕಟ್ ಆದ ದುಡ್ಡಿಗೆ ಹಾಗೆ ಪಾರಾಗುವುದು ಕಷ್ಟ.