ಹೆದರಿಸುವ ನಾಟಕಕ್ಕೇ ಹೆಸರಾದ ಕಂಪನಿ ಇತ್ತು

ಭಯಾನಕ ನಾಟಕ ಮಾತ್ರ ಆಡಿ ಯಾವುದಾದರೂ ಕಂಪನಿ ಬಾಳಿದೆಯಾ, ಕ್ಯಾಮೆರಾ ಇಲ್ಲದೆ ಜನ ಹೆದರುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಹೆದರುತ್ತಾರೆ. ಭಯಾನಕ ನಾಟಕಗಳಿಗೇ ಹೆಸರಾದ ಪ್ಯಾರಿಸ್‌ನ ಗ್ರಾಂ ಗಿನ್ಯೋಲ್ ಎಂಬ ರಂಗಮಂದಿರ 1897ರಲ್ಲಿ ಶುರುವಾಗಿ 1962ರವರೆಗೆ ನಡೆಯಿತು. ಹಳೇ ಪ್ರಾರ್ಥನಾ ಮಂದಿರ, ಮುನ್ನೂರಕ್ಕೂ ಕಡಿಮೆ ಸೀಟು. ನನ್ನ ಪ್ರಕಾರ ಅದೇ ಅದರ ದೊಡ್ಡ ಬಲ, ಯಾಕೆಂದರೆ ಮುಂದಿನ ಸಾಲಿನವರ ಕಣ್ಣೆದುರೇ, ತೀರಾ ಹತ್ತಿರದಲ್ಲಿ ಕೊಲೆ ನಡೆಯುತ್ತಿತ್ತು. ಕಾರ್ಮೈನ್ ಎಂಬ ಕಡುಗೆಂಪು ಬಣ್ಣಕ್ಕೆ ಗ್ಲಿಸರಿನ್ ಬೆರೆಸಿ ರಕ್ತ ಮಾಡುತ್ತಿದ್ದರು, ಎಷ್ಟು ದಪ್ಪಗೆ ಇಳಿಯುತ್ತಿತ್ತು ಅಂತ ಯೋಚಿಸಿ! ಪೌಲಾ ಮಾಕ್ಸಾ ಎಂಬ ನಟಿಯಂತೂ ಆ ವೇದಿಕೆಯಲ್ಲಿ ಸಾವಿರಾರು ಸಲ ಕೊಲೆಯಾದವರು. ಆದರೆ ಸುಮ್ನೆ ರಕ್ತ ಚೆಲ್ಲುತ್ತಿರಲಿಲ್ಲ. ಒಂದೇ ಸಂಜೆ ಚಿಕ್ಕ ನಗೆನಾಟಕಗಳನ್ನೂ ನಡುವೆ ಸೇರಿಸುತ್ತಿದ್ದರು, ನಕ್ಕು ಮೈ ಸಡಿಲಾದ ಮೇಲೆ ಭಯ ಇನ್ನೂ ಜಾಸ್ತಿ ತಟ್ಟುತ್ತದೆ ಅಲ್ವಾ? ನೀವೂ ಆಡಿಸುವುದಾದರೆ ಚಿಕ್ಕ ಸಭಾಂಗಣವನ್ನೇ ಹುಡುಕಿ.