ಕೈಬರಹದ ಹಡಗುಪಟ್ಟಿಯ ಕಾಲ ಯಾವುದು?

ಪ್ರಶ್ನೆ: ಬ್ರಿಟಿಷ್ ಅಡ್ಮಿರಲ್ ಒಬ್ಬರ ಬಳಿಯಿದ್ದ ಕೈಬರಹದ ಯುದ್ಧನೌಕೆ ಪಟ್ಟಿಯ ಚಿತ್ರಗಳು ಸಿಕ್ಕಿವೆ. ಹೆಸರು, ಫಿರಂಗಿ, ಟನ್ ಎಲ್ಲ ಇವೆ, ಬರೆದ ವರ್ಷವಿಲ್ಲ. ಗೊತ್ತುಮಾಡುವುದು ಹೇಗೆ?

ಉತ್ತರ: ರಟ್ಟಿನ ಮೇಲಿನ ಹೆಸರನ್ನು ನೆಚ್ಚಬೇಡಿ, ಪುಸ್ತಕ ಕೈಬದಲಾಗಿರಬಹುದು. ಮೊದಲ ಬರಹಗಾರನ ಅಕ್ಷರದಲ್ಲೇ ಇರುವ, ಕೊನೆಗೆ ನೀರಿಗಿಳಿದ ಹಡಗನ್ನು ಹುಡುಕಿ. ಮುಂಬಯಿಯಲ್ಲಿ ಕಟ್ಟಿದ ಮಿಂಡನ್ (1810) ಸಾಲಿನೊಳಗಿದ್ದು, 74 ಫಿರಂಗಿಯ ಕಾರ್ನ್‌ವಾಲಿಸ್ (1813) ಬೇರೆ ಶಾಯಿಯಲ್ಲಿ ಅಂಚಿಗೆ ಸೇರಿದ್ದರೆ, ಮೂಲಬರಹ ಬಹುಶಃ ಇವೆರಡರ ನಡುವಿನದು. ಎಡವುವುದು ಹೆಸರುಗಳಲ್ಲೇ: ಇದಕ್ಕೂ ಮೊದಲೊಂದು ಕಾರ್ನ್‌ವಾಲಿಸ್ ಇತ್ತು, 1811ರಲ್ಲಿ ಅದು ಅಕ್ಬರ್ ಆಯಿತು. ಹಾಗಾಗಿ ಫಿರಂಗಿ, ಟನ್ ಎರಡೂ ತಾಳೆಯಾಗಲೇಬೇಕು.

ಫಿರಂಗಿ ಸಂಖ್ಯೆಯೇ ಒಳ್ಳೆಯ ಸುಳಿವು. 1817ರಲ್ಲಿ ಕ್ಯಾರೊನೇಡ್ ಎಂಬ ಗಿಡ್ಡ ಫಿರಂಗಿಗಳನ್ನೂ ಲೆಕ್ಕಕ್ಕೆ ಸೇರಿಸಿದ್ದರಿಂದ 38 ಫಿರಂಗಿಯ ಎಷ್ಟೋ ಫ್ರಿಗೇಟ್‌ಗಳು (ಮಧ್ಯಮ ಗಾತ್ರದ ಯುದ್ಧನೌಕೆಗಳು) ಪಟ್ಟಿಗಳಲ್ಲಿ 46 ಫಿರಂಗಿಯವಾದವು. ಟನ್ ತೂಕವಲ್ಲ, ಹಡಗಿನ ಗಾತ್ರದ ಅಳತೆ: ಉದ್ದದಿಂದ ಅಗಲದ ಐದನೇ ಮೂರು ಪಾಲು ಕಳೆದು, ಅಗಲದಿಂದಲೂ ಅರ್ಧ ಅಗಲದಿಂದಲೂ ಗುಣಿಸಿ, 94ರಿಂದ ಭಾಗಿಸಬೇಕು, ಎಲ್ಲವೂ ಅಡಿಗಳಲ್ಲಿ.

ಮೂಲಪ್ರತಿ ಕೈಗೆ ಬಂದರೆ ಲ್ಯಾಮಿನೇಷನ್, ಸೆಲ್ಲೊಟೇಪು ಬೇಡವೇ ಬೇಡ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ತೇವದಲ್ಲಿ ಕಾಗದವನ್ನೇ ತಿನ್ನುತ್ತದೆ.